ಬಾಯಿ ತುಂಬ ಎಲೆ ಅಡಿಕೆ, ಎದುರಿಗೆ ಮಗಳು

ಗೆಳೆಯರೇ, ಇವತ್ತು ಬಾಯಿ ಮುಚ್ಚಿಕೊಂಡು ಗೆದ್ದೆ!

ಕಾಲೇಜಿನಿಂದ ಬಂದ ಮಗಳು ನಾಲ್ಕು ದಿನದಿಂದ ಸಪ್ಪಗಿದ್ದಳು. "ಏನಾಗಿದೆ ಅಂತ ಕೇಳಿ. ಆದ್ರೆ ಬುದ್ಧಿ ಹೇಳೋಕ್ ಹೋಗ್ಬೇಡಿ" ಎಂದು ಹೆಂಡತಿ ಎಚ್ಚರಿಸಿದಳು. ನನಗೆ ನನ್ನ ನಾಲಿಗೆಯ ಮೇಲೆ ನಂಬಿಕೆಯಿಲ್ಲ. ಅದಕ್ಕೇ ನಿನ್ನೆ ಶನಿವಾರಸಂತೆಯಿಂದ ತಂದ ಎಲೆ ಅಡಿಕೆಯನ್ನು ಬಾಯಿ ತುಂಬ ಹಾಕಿಕೊಂಡು, ಕಾಫಿ ಒಣಗಿಸುವ ಕಣದಲ್ಲಿ ಅವಳ ಎದುರಿಗೆ ಕೂತೆ.

"ಅಪ್ಪಾ, ಕ್ಲಾಸಿಗೆ ಹೋಗೋಕೇ ಭಯ ಆಗುತ್ತೆ. ನಿದ್ದೇನೂ ಬರಲ್ಲ."

'ಧೈರ್ಯವಾಗಿರು' ಎಂಬ ಮಾತು ತುಟಿಯವರೆಗೂ ಬಂತು. ಇನ್ನೊಂದು ಎಲೆ ಮಡಚಿ ಬಾಯಿಗಿಟ್ಟೆ. ಅವಳು ಎಲ್ಲ ಹೇಳಿಕೊಂಡಳು, ಅತ್ತಳು, ಕೊನೆಗೆ ಎಲೆ ಅಡಿಕೆ ರಸ ಸೋರಿ ಕೆಂಪಾದ ನನ್ನ ಅಂಗಿ ನೋಡಿ ನಕ್ಕುಬಿಟ್ಟಳು.

"ಕೌನ್ಸೆಲರ್ ಹತ್ರ ಹೋಗ್ತೀನಪ್ಪಾ. ನೀನೂ ಬರ್ತೀಯಾ?"

ಬರ್ತೀನಿ ಅಂತ ತಲೆಯಾಡಿಸಿದೆ.

ಸುಣ್ಣ ಜಾಸ್ತಿಯಾಗಿ ನಾಲಿಗೆ ಬೆಂದಿದೆ. ಇಪ್ಪತ್ತು ವರ್ಷ ಬುದ್ಧಿ ಹೇಳಿದ ನಾಲಿಗೆ, ಸ್ವಲ್ಪ ಬೇಯಲಿ ಬಿಡಿ.