ರಿಪೇರಿ ಚೀಟಿಯಲ್ಲಿ ಎರಡೂವರೆ

ಆ ಕಾಲದಲ್ಲಿ ನನ್ನನ್ನು ಎಲ್ಲರೂ ಇಂಜಿನಿಯರ್ ಅಂತ ಕರೀತಿದ್ದರು. ಚಿಕ್ಕಬಳ್ಳಾಪುರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ರಿಪೇರಿ ಕೆಲಸದವನು. ಹೆಗಲಿಗೊಂದು ಚೀಲ, ಅದರಲ್ಲೊಂದು ಸ್ಕ್ರೂಡ್ರೈವರ್, ನಾಲ್ಕು ಸಿ.ಡಿ. ಇವತ್ತು ಗೌರಿಬಿದನೂರು, ನಾಳೆ ಚಿಂತಾಮಣಿ. ನನಗೂ ಇಂಜಿನಿಯರಿಂಗಿಗೂ ಇದ್ದ ನಂಟು ಅಷ್ಟಕ್ಕಷ್ಟೇ. ಆದರೂ ಜನ ಮರ್ಯಾದೆ ಕೊಟ್ಟು ಕರೆದರೆ ಬೇಡ ಅನ್ನೋಕೆ ನನಗೇನು ಹುಚ್ಚೇ?

ಒಂದು ದಿನ ಶಿಡ್ಲಘಟ್ಟದಿಂದ ಫೋನ್ ಬಂತು. ರೇಷ್ಮೆ ನೂಲು ತೆಗೆಯೋರ ಒಂದು ಸಣ್ಣ ಸಂಘ. ಹೊಸ ನೂಲು ಯಂತ್ರಕ್ಕೆ ಅರ್ಜಿ ಹಾಕೋಕೆ ಅದೇ ಕೊನೇ ದಿನ, ಸಂಜೆ ಐದರವರೆಗೆ. ಕಾಗದದ ಅರ್ಜಿ ತಗೊಳ್ಳಲ್ಲ. ಸಂಘದ ಕಂಪ್ಯೂಟರಿನಲ್ಲಿರೋ ಜಾವಾ ಪ್ರೋಗ್ರಾಮಿನಿಂದ ಬೆಂಗಳೂರಿನ ಸರ್ವರಿಗೇ ಹೋಗಬೇಕು. ಆ ಪ್ರೋಗ್ರಾಮೋ, ಬೆಳಿಗ್ಗೆಯಿಂದ 'ಸಂಪರ್ಕ ಆಗ್ತಿಲ್ಲ' ಅಂತ ಒಂದೇ ರಾಗ ಹಾಡ್ತಿತ್ತು.

ನಾನು ಹೋದಾಗ ಎರಡು ಗಂಟೆ. ಬೆಂಚಿನ ಮೇಲೆ ಒಬ್ಬ ಅಮ್ಮ ಕೂತಿದ್ದರು. ಮಿಕ್ಕವರ ಅರ್ಜಿಗಳೆಲ್ಲ ಮೊದಲೇ ಹೋಗಿದ್ದವು. ಇವರಿಗೆ ಪಂಚಾಯ್ತಿ ಕಾಗದ ಸಿಕ್ಕಿದ್ದೇ ಆ ಬೆಳಿಗ್ಗೆ. ಬಿಸಿನೀರಲ್ಲಿ ಗೂಡು ಬೇಯಿಸಿ, ಎಳೆ ಹುಡುಕಿ ಹುಡುಕಿ, ಅವರ ಬೆರಳ ತುದಿಗಳೆಲ್ಲ ಬೆಂದು ಬಿಳುಚಿಕೊಂಡಿದ್ದವು.

"ಈ ಮಿಷನ್ ಬಂದ್ರೆ ಕೈ ಬಿಸಿನೀರಿಗೆ ಹಾಕೋದು ಕಮ್ಮಿ ಆಗ್ತದಂತೆ, ನಿಜವೇನಪ್ಪ?"

"ನಿಜಾನೇ ಅಮ್ಮ," ಅಂದೆ. ನೂಲು ಯಂತ್ರ ಹೇಗಿರುತ್ತೆ ಅಂತಲೂ ನಾನು ಕಂಡಿರಲಿಲ್ಲ.

ಸಂಘದ ಕಾರ್ಯದರ್ಶಿಗಳು ತೀರ್ಪು ಕೊಟ್ಟಾಗಿತ್ತು: "ನಮ್ಮದೇನೂ ತಪ್ಪಿಲ್ಲ ಸಾರ್. ಬೆಂಗಳೂರಿನ ಸರ್ವರ್ರೇ ಮಲ್ಕೊಂಡಿದೆ." ಬೆಂಗಳೂರಿಗೆ ಫೋನ್ ಮಾಡಿದರೆ, "ನಮ್ಮ ಕಡೆ ಎಲ್ಲ ಸರಿಯಿದೆ, ನಿಮ್ಮದು ನೋಡ್ಕೊಳ್ಳಿ," ಅಂದು ಇಟ್ಟರು.

ಸರಿ, ನನ್ನ ನಾಟಕ ಶುರುವಾಯಿತು. ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಸರ್ವರ್ ಎಚ್ಚರ ಇದೆಯಾ ಅಂತ ಪಿಂಗ್ ಮಾಡಿ ನೋಡಿದೆ, ಸರ್ವರ್ ಎದ್ದು ಕೂತು ಉತ್ತರ ಕೊಡ್ತು. ಹಾಗಾದರೆ ಜಾವಾದ್ದೇ ರೋಗ ಅಂತ ಅದನ್ನು ಅಳಿಸಿ, ಸಿ.ಡಿ.ಯಿಂದ ಮತ್ತೆ ಹಾಕಿದೆ. ಅದಕ್ಕೇ ಒಂದು ಗಂಟೆ ಹಿಡೀತು. ಕಾರ್ಯದರ್ಶಿಗಳು ಎರಡು ಸಲ ಕಾಫಿ ತರಿಸಿದರು. ಎರಡೂ ಸಲ ಕುಡಿದೆ. ತಪ್ಪುಗಳನ್ನು ಬರೆದಿಡೋ ಫೈಲನ್ನೂ ತೆಗೆದೆ. ನೂರಾರು ಸಾಲು. ಮೊದಲನೇ ಸಾಲು ಓದಿ, ಎಲ್ಲ ತಿಳಿದವನ ಹಾಗೆ ತಲೆ ಆಡಿಸಿ, ಮುಚ್ಚಿದೆ. ನಿಜವಾದ ಕಾರಣ ಯಾವಾಗಲೂ ತಳದಲ್ಲಿ ಇರುತ್ತೆ. ಅಲ್ಲಿವರೆಗೆ ಹೋಗೋ ತಾಳ್ಮೆ ಈ ಇಂಜಿನಿಯರಿಗೆ ಎಲ್ಲಿಂದ ಬರಬೇಕು?

ಐದಕ್ಕೆ ಐದು ನಿಮಿಷ ಇದೆ ಅನ್ನುವಾಗ, ಬೇರೆ ಏನೂ ತೋಚದೆ, ತಳಕ್ಕೆ ಹೋದೆ. ನಾನೇ ಅಸಲಿ ಅಂತ ಸರ್ವರ್ ತೋರಿಸೋ ಗುರುತುಪತ್ರ ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ ಇತ್ತು. ಅದರ ಮೇಲಿದ್ದ ತಾರೀಖಿನ ಪ್ರಕಾರ, ಹೋದ ವಾರ ಹೊಸದಾಗಿ ಹಾಕಿದ್ದ ಗುರುತುಪತ್ರ ಅದು. ಚಾಲ್ತಿಗೆ ಬರದೇ ಏನು? ಪರದೆಯ ಮೂಲೆಯಲ್ಲಿದ್ದ ತಾರೀಖು ನೋಡಿದೆ. ಕಂಪ್ಯೂಟರು ಹತ್ತು ದಿನ ಹಿಂದೆ ಇತ್ತು. ಅದರ ಲೆಕ್ಕದಲ್ಲಿ ಆ ಗುರುತುಪತ್ರ ಇನ್ನೂ ಹುಟ್ಟೇ ಇರಲಿಲ್ಲ.

"ಓ, ಅದಾ? ಬೆಳಿಗ್ಗೆ ನಾನೇ ಇಟ್ಟಿದ್ದು ಸಾರ್," ಅಂದರು ಕಾರ್ಯದರ್ಶಿಗಳು, ಒಂಚೂರೂ ಅಳುಕದೆ. "ಸಭೆ ನೋಟಿಸು ಕಳಿಸೋದು ಮರ್ತೋಗಿತ್ತು. ತಾರೀಖು ತಾನಾಗೇ ಪ್ರಿಂಟ್ ಆಗ್ತದಲ್ಲ!"

ಮೊದಲು ಅವರಲ್ಲಿ ಕೈಬರಹದ ರವಾನೆ ಪುಸ್ತಕ ಇತ್ತಂತೆ. ದಿನಕ್ಕೊಂದು ಸಾಲು ಖಾಲಿ ಬಿಡೋದು ಪದ್ಧತಿ. ಮರೆತ ಕಾಗದವನ್ನು ಆಮೇಲೆ ಅಲ್ಲಿ ತುರುಕಿದರೆ, ಹಳೇ ದಿನವೇ ಹೋದ ಲೆಕ್ಕ. ಕಂಪ್ಯೂಟರಿನಲ್ಲಿ ಖಾಲಿ ಸಾಲು ಸಿಗಲಿಲ್ಲ, ಪುಣ್ಯಾತ್ಮ ಇಡೀ ಕಂಪ್ಯೂಟರನ್ನೇ ಹಿಂದಕ್ಕೆ ಕಳಿಸಿದ್ದರು.

ತಾರೀಖು ಸರಿ ಮಾಡಿದೆ. ಪ್ರೋಗ್ರಾಮು ಆಕಳಿಸಿಕೊಂಡು ತೆರೀತು, ಕನೆಕ್ಟ್ ಆಯಿತು. ಅರ್ಜಿ ತುಂಬಿ ಒತ್ತುವಾಗ ಐದು ಗಂಟೆ ಮೂರು ನಿಮಿಷ. ಅವಧಿ ಮುಗಿದಿದೆ ಅಂತ ಬಂತು.

"ಅಯ್ಯೋ ದೇವುಡಾ! ಅವರಿಗೆ ಹತ್ತು ದಿನ ಹಿಂದಕ್ಕೆ ಹೋಗಿತ್ತಲ್ಲಪ್ಪ, ನಂಗೆ ಹತ್ತು ನಿಮಿಷ ತಿರುಗ್ಸು," ಅಂದರು ಆ ಅಮ್ಮ.

"ಅದು ಬೆಂಗಳೂರಿನ ಗಡಿಯಾರ ಕಣಮ್ಮ. ಟೈಮ್ ಅಂದ್ರೆ ಟೈಮು," ಅಂದರು ಕಾರ್ಯದರ್ಶಿಗಳು. ಆ ಬಾಯಲ್ಲಿ ಆ ಮಾತು! ನನಗೆ ಮೈಯೆಲ್ಲ ಉರಿದುಹೋಯಿತು.

"ಹೋಗ್ಲಿ, ಐದು ಗಂಟೆವರ್ಗೂ ಕಂಪ್ಯೂಟರು ಕೆಟ್ಟಿತ್ತು ಅಂತ ಚೀಟಿ ಬರ್ಕೊಡಪ್ಪ. ಬೆಂಗಳೂರಿಗೆ ಹೋಗಿ ತೋರಿಸಿ ಕೇಳ್ಕೋತೀನಿ," ಅಂದರು ಆ ಅಮ್ಮ. ನ್ಯಾಯವಾದ ಮಾತು. ರಿಪೇರಿ ಚೀಟಿಯ ಪುಸ್ತಕ ನನ್ನ ಚೀಲದಲ್ಲೇ ಇತ್ತು.

ಕಾರ್ಯದರ್ಶಿಗಳು ನನ್ನನ್ನು ಬಾಗಿಲ ಆಚೆ ಕರೆದರು. "ಕೇಬಲ್ ಸಡಿಲ ಇತ್ತು ಅಂತ ಹಾಕಿ. ಸರಿ ಆಗಿದ್ದು ಎರಡೂವರೆಗೆ ಅನ್ನಿ. ನಿಮಗೂ ಒಳ್ಳೇದು ಸಾರ್. ಮೂರು ಗಂಟೆ ಹೊತ್ತು ಏನ್ ಮಾಡ್ತಿದ್ರಿ ಅಂತ ನಿಮ್ಮ ಓನರ್ ಕೇಳಲ್ವಾ?"

ಕೇಳ್ತಿದ್ದರು. ತಾರೀಖು ನೋಡದ ಇಂಜಿನಿಯರ್ ಅಂತ ಅಂಗಡಿಯಲ್ಲಿ ಎಲ್ಲರೂ ಆಡಿಕೊಳ್ತಿದ್ದರು. ನಾನು ಎರಡೂವರೆ ಅಂತ ಬರೆದು ಸಹಿ ಹಾಕಿದೆ.

ಚೀಟಿ ಇಂಗ್ಲಿಷಿನಲ್ಲಿತ್ತು. ಕಾರ್ಬನ್ ನಕಲನ್ನು ಆ ಅಮ್ಮನ ಕೈಗೆ ಕೊಟ್ಟೆ. ಆ ಬೆಂದ ಬೆರಳಲ್ಲಿ ಅದನ್ನು ಹುಷಾರಾಗಿ ಮಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ನಿನ್ನ ಹೊಟ್ಟೆ ತಣ್ಣಗಿರಲಪ್ಪ," ಅಂದು, ಬೆಂಗಳೂರಿಗೆ ಬೆಳಿಗ್ಗೆ ಮೊದಲನೇ ಬಸ್ಸು ಎಷ್ಟು ಗಂಟೆಗೆ ಅಂತ ನನ್ನನ್ನೇ ಕೇಳಿದರು.