ಹಿಂದಿನ ಕೋಣೆ ಮತ್ತು ದೃಷ್ಟಿಗೊಂಬೆ

ಡೊಂಬಿವಲಿಯ ನಮ್ಮ ರೋ ಹೌಸಿನ ಹಿಂದೆ ಒಂದು ಕೋಣೆ ಕಟ್ಟಿಸುತ್ತಿದ್ದೆವು. ಮಂಜೂರಾದ ಪ್ಲಾನಿನ ಪ್ರಕಾರ ಅದರ ಎತ್ತರ ಹತ್ತು ಅಡಿ ದಾಟುವಂತಿರಲಿಲ್ಲ. ಸ್ಲ್ಯಾಬ್ ಹಾಕಿದ ಮರುದಿನವೇ ಧಾರವಾಡದ ನಮ್ಮತ್ತೆ ಅದರ ಮೇಲೊಂದು ಉದ್ದನೆಯ ಬಿದಿರು ನಿಲ್ಲಿಸಿ, ನನ್ನ ಹಳೆಯ ನೈಟಿ ತೊಡಿಸಿದ ದೃಷ್ಟಿಗೊಂಬೆ ಕಟ್ಟಿಸಿದರು. ಹಿಂದಿನ ಬೀದಿಯವರು ಅದನ್ನು ಕಂಡು, ಇನ್ನೊಂದು ಮಹಡಿ ಏಳುತ್ತಿದೆಯೆಂದು ದೂರು ಕೊಟ್ಟರು. ಪಾಲಿಕೆಯ ಇಂಜಿನಿಯರ್ ಟೇಪು ಹಿಡಿದು ಬಂದೇಬಿಟ್ಟರು. ಅತ್ತೆಯ ಮೇಲೆ ನನಗೆ ಮೈಯೆಲ್ಲ ಉರಿಯಿತು.

ಇಂಜಿನಿಯರ್ ನೆಲದಿಂದ ಸ್ಲ್ಯಾಬಿನವರೆಗೆ ಮಾತ್ರ ಅಳೆದರು. ಒಂಬತ್ತೂವರೆ ಅಡಿ. “ಠೀಕ್ ಆಹೆ,” ಸರಿಯಾಗಿದೆ ಎಂದು ಮರಾಠಿಯಲ್ಲಿ ಹೇಳಿ, ಗೊಂಬೆಯ ಕಡೆ ನೋಡಿ, ನಕ್ಕು ಹೋದರು.

ನಾನು ಉಸಿರು ಬಿಟ್ಟು ಮೆಟ್ಟಿಲ ಮೇಲೆ ಕೂತೆ. ಅತ್ತೆ ಬಂದು ಬೆನ್ನು ತಟ್ಟಿದರು: “ನೋಡಿದೇನವಾ? ಗೊಂಬಿ ಇತ್ತಂತ ಉಳಕೊಂಡ್ವಿ.”