ಪಕ್ಕದ ಮನೆಯ ಪರಾಂಗ್

ಫ್ರೀಮಾಂಟ್‌ನ ನಮ್ಮ ಹಿತ್ತಲಿನ ಬಿದಿರು ಮೆಳೆಯ ಮುಂದೆ ಆ ಭಾನುವಾರ ನಾನು, ನನ್ನವಳು ಮತ್ತು ಪಕ್ಕದ ಮನೆಯ ಮಲೇಷ್ಯಾದ ಆಂಟಿ ನಿಂತಿದ್ದೆವು. ಭುಜದ ಆಪರೇಷನ್ನಾದ ಮೇಲೆ ಆಂಟಿ ಮೊದಲ ಸಲ ಪರಾಂಗ್ ಹಿಡಿದಿದ್ದರು. ಅದು ತುದಿಯ ಕಡೆಗೆ ಭಾರವಾದ, ಅವರ ಊರಿನ ಕಾಡುಗತ್ತಿ. ಈದ್ ಹಬ್ಬಕ್ಕೆ ಬಿದಿರಿನ ಕೊಳವೆಯಲ್ಲಿ ಅನ್ನ ಬೇಯಿಸಬೇಕು. ಆ ಬಿದಿರನ್ನು ತಾವೇ ಕಡಿಯದಿದ್ದರೆ ಅವರಿಗೆ ಹಬ್ಬವೇ ಅಲ್ಲ.

“ಗರಗಸ ತರ್ತೇನೆ ಆಂಟಿ,” ಎಂದಳು ನನ್ನವಳು.

“ಗರಗಸ ಪೈಪ್ ಕೊಯ್ಯೋ ಪ್ಲಂಬರ್‌ಗೆ ಇಟ್ಕೊ. ಎತ್ತೋದು ನನ್ನ ಕೆಲಸ, ಬೀಳೋದು ಕತ್ತಿದು.” ತೆಂಗಿನಕಾಯಿ ಒಡೆಯುವಾಗಲೂ ಅವರದು ಇದೇ ಮಾತು.

ಕೈ ಎದೆಯಿಂದ ಮೇಲಕ್ಕೆ ಏರಲಿಲ್ಲ. ಕತ್ತಿ ಬಿದಿರಿನ ಮೇಲೆ ಜಾರಿತು.

“ನನ್ನ ಕೈ ಏರದಿದ್ರೆ ಬಿದಿರೇ ಇಳೀಲಿ. ನೀನು ಬಗ್ಗಿಸಿ ಹಿಡಿ,” ಎಂದು ನನಗೆ ಹೇಳಿದರು.

ಹಿಡಿದೆ. ಈ ಸಲ ಕತ್ತಿ ಕಚ್ಚಿತು.

ಹಬ್ಬದ ಬೆಳಿಗ್ಗೆ ಬೇಲಿಯ ಮೇಲಿಂದ ಬಿಸಿ ಕೊಳವೆಯೊಂದು ಬಂತು. ಕಡಿದ ಅಂಚು ಓರೆಯಾಗಿತ್ತು. ಒಳಗೆ ತೆಂಗಿನಹಾಲಿನ ಅನ್ನ ಹದವಾಗಿ ಬೆಂದಿತ್ತು.